ಐವತ್ತು ಮಾರು ದೂರದ ಇಂಟರ್ನೆಟ್

ಊರಿಂದಲೇ ಕೆಲಸ ಮಾಡುವವರ ಕಷ್ಟ ಸಿಟಿಯವರಿಗೆ ಅಷ್ಟು ಸುಲಭಕ್ಕೆ ಅರ್ಥ ಆಗಲ್ಲ. ಮನೆಗೆ ಫೈಬರ್ ಬಂದಿರುತ್ತದೆ, ರೂಟರ್‌ನಲ್ಲಿ ಹಸಿರು ದೀಪ ಉರಿಯುತ್ತಿರುತ್ತದೆ, ಸ್ಪೀಡ್ ಕೂಡ ಬೆಂಗಳೂರಿನ ಫ್ಲ್ಯಾಟ್‌ಗಿಂತ ಚೆನ್ನಾಗಿರುತ್ತದೆ. ಇಲ್ಲದ್ದು ಕೂತು ಮಾತಾಡಲು ಜಾಗ. ಜಗಲಿಯಲ್ಲಿ ಟಿವಿ, ಒಳಗೆ ಕುಕ್ಕರ್ ಸೀಟಿ, ಮಧ್ಯೆ ಯಾರೋ ನೆಂಟರು ಬಂದು ಸ್ಕ್ರೀನ್‌ಗೆ ಇಣುಕಿ "ಯಾರದು ಮಾತಾಡ್ತಿರೋದು?" ಅಂತ ಕೇಳುವುದು. ಕೊನೆಗೆ ಕಣ್ಣು ಬೀಳುವುದು ಅಂಗಳದಾಚೆಯ ಖಾಲಿ ಕೊಟ್ಟಿಗೆಯ ಮೇಲೆ. ದನ ಹೋಗಿ ವರ್ಷಗಳಾಗಿವೆ, ಗೋಡೆ ಗಟ್ಟಿ ಇದೆ, ಒಂದು ಫ್ಯಾನ್ ಹಾಕಿದರೆ ಆಫೀಸು ಆಯ್ತು.

ಆಮೇಲೆ ಶುರುವಾಗುವುದೇ ವೈರಿನ ಕತೆ. ಮುಖ್ಯ ಮನೆಯ ವೈಫೈ ಮಣ್ಣಿನ ಗೋಡೆ ದಾಟಿ ಅಲ್ಲಿಯವರೆಗೆ ಬರುವುದಿಲ್ಲ. ಹಾಗಾಗಿ ನೆಟ್‌ವರ್ಕ್ ಕೇಬಲ್ ಎಳೆಸುತ್ತೇವೆ. ಮೊದಲ ದಿನ ಚೆನ್ನಾಗಿ ಓಡುತ್ತದೆ. ಒಂದು ತಿಂಗಳ ನಂತರ ಕಾಲ್ ಕಟ್ ಆಗಲು ಶುರು. ಆಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಮಾನ: ಕಂಪನಿಯವರು ಸ್ಪೀಡ್ ಕಡಿಮೆ ಮಾಡಿದ್ದಾರೆ, ರೂಟರ್ ಹಳೆಯದಾಯ್ತು, ಲ್ಯಾಪ್‌ಟಾಪ್ ಸರಿ ಇಲ್ಲ, ಮೋಟರ್‌ನಿಂದ ತೊಂದರೆ.

ಈ ವಾರ ಅಂಥದ್ದೇ ಒಂದು ವೈರಿನ ಬೆನ್ನು ಹತ್ತಿದ ಕತೆ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಕೊಟ್ಟಿಗೆಗೋ, ಮಹಡಿ ಮೇಲಿನ ರೂಮಿಗೋ, ತೋಟದ ಮನೆಗೋ ಉದ್ದದ ವೈರ್ ಇದ್ದರೆ ಇದೇ ಕ್ರಮದಲ್ಲಿ ಹುಡುಕಿ ನೋಡಬಹುದು.

ಕ್ವಾರ್ಟರ್ ಮುಗಿಯುವಷ್ಟರಲ್ಲಿ

ಸಾಗರದ ಹತ್ತಿರ ನನ್ನ ಚಿಕ್ಕಪ್ಪನ ಮನೆ. ಅವರ ಮಗಳು, ನನ್ನ ತಂಗಿ, ಬೆಂಗಳೂರಿನ ಒಂದು ಕಂಪನಿಗೆ ಊರಿಂದಲೇ ಕೆಲಸ ಮಾಡುತ್ತಾಳೆ. ಚಿಕ್ಕಪ್ಪನಿಗೆ ಕಳೆದ ವರ್ಷ ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ಕಡಿಮೆಯಾಗಿದೆ. ಮಂಚದಿಂದ ಎದ್ದು ಕುರ್ಚಿಗೆ ಬರಬೇಕಾದರೂ ಒಬ್ಬರು ಹಿಡಿಯಬೇಕು, ಚಿಕ್ಕಮ್ಮ ಒಬ್ಬರಿಂದ ಆಗುವ ಕೆಲಸ ಅಲ್ಲ. ಅದಕ್ಕೇ ಅವಳು ಊರಿಗೆ ಬಂದದ್ದು.

ಮಾರ್ಚ್ ಮೊದಲ ವಾರ ಫೋನ್ ಮಾಡಿದಳು. "ಅಣ್ಣಾ, ಮ್ಯಾನೇಜರ್ ಹೇಳಿಬಿಟ್ರು. ಕ್ಲೈಂಟ್ ಕಾಲ್ ಹೀಗೇ ಕಟ್ ಆಗ್ತಿದ್ರೆ ಏಪ್ರಿಲ್‌ನಿಂದ ವಾರಕ್ಕೆ ಐದು ದಿನ ಆಫೀಸಿಗೆ ಬರ್ಬೇಕಂತೆ. ಅಪ್ಪಂಗೆ ಇನ್ನೂ ಹೇಳಿಲ್ಲ."

"ಯಾವಾಗ ಕಟ್ ಆಗ್ತದೆ?" ಅಂತ ಕೇಳಿದೆ.

"ಬರ್ದಿಟ್ಟಿದೀನಿ" ಅಂದಳು.

ಈ ಒಂದು ಮಾತು ಕೇಳಿ ಅರ್ಧ ಸಮಾಧಾನವಾಯಿತು. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಅಂತ ಮೂರು ವಾರದ ಲೆಕ್ಕವನ್ನು ಹಳೆಯ ಡೈರಿಯೊಂದರಲ್ಲಿ ಅವಳು ಬರೆದಿದ್ದಳು. ನೆಟ್‌ವರ್ಕ್ ಸಮಸ್ಯೆ ಹುಡುಕಲು ಯಾವ ಸಲಕರಣೆಗಿಂತಲೂ ಇದು ದೊಡ್ಡದು. "ಯಾವಾಗ್ಲೂ ಕಟ್ ಆಗ್ತದೆ" ಅನ್ನುವ ದೂರಿನಿಂದ ಏನೂ ತಿಳಿಯುವುದಿಲ್ಲ. "ಹನ್ನೆರಡರಿಂದ ನಾಲ್ಕರೊಳಗೆ ಕಟ್ ಆಗ್ತದೆ, ರಾತ್ರಿ ಆಗೋದಿಲ್ಲ" ಅಂದರೆ ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ಮೊದಲು ಎರಡು ಭಾಗ ಮಾಡಿ

ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ತಲುಪಿದೆ. ಇಂಥ ಸಮಸ್ಯೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ತೊಂದರೆ ಮನೆಯ ಹೊರಗಿನದೋ, ಒಳಗಿನದೋ? ಅಂದರೆ ರೂಟರ್‌ವರೆಗೆ ಬರುವ ಇಂಟರ್ನೆಟ್ಟಿನದೋ, ಅಥವಾ ರೂಟರ್‌ನಿಂದ ಕೊಟ್ಟಿಗೆಯವರೆಗಿನ ವೈರಿನದೋ?

ಇದನ್ನು ತಿಳಿಯಲು ದುಡ್ಡು ಬೇಡ. ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಕಮಾಂಡ್ ಕೊಡಿ, ವಿಳಾಸದ ಜಾಗದಲ್ಲಿ ನಿಮ್ಮ ರೂಟರ್‌ನ ಐಪಿ ಹಾಕಿ. ಬಹಳ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ. ಪಿಂಗ್ ಅಂದರೆ ಒಂದು ಸಣ್ಣ ಸಂದೇಶ ಕಳಿಸಿ ಉತ್ತರಕ್ಕೆ ಕಾಯುವುದು, ಅಷ್ಟೇ. ನಾಲ್ಕು ಸಲ ಕಳಿಸಿ ಸುಮ್ಮನಾಗಬೇಡಿ, ಇನ್ನೂರು ಸಲ ಕಳಿಸಿ. ಎಷ್ಟಕ್ಕೆ ಉತ್ತರ ಬಂತು, ಎಷ್ಟು ದಾರಿಯಲ್ಲಿ ಕಳೆದುಹೋಯಿತು ಅಂತ ಕೊನೆಯಲ್ಲಿ ಅದೇ ಲೆಕ್ಕ ಕೊಡುತ್ತದೆ.

ಜಗಲಿಯಲ್ಲಿ ರೂಟರ್ ಪಕ್ಕ ಕೂತು, ಒಂದು ಮೀಟರ್‌ನ ಸಣ್ಣ ವೈರ್ ಚುಚ್ಚಿ ಇನ್ನೂರು ಪಿಂಗ್ ಕಳಿಸಿದೆ. ಒಂದೂ ಕಳೆಯಲಿಲ್ಲ. ಹೊರಗಿನ ಇಂಟರ್ನೆಟ್ ವಿಳಾಸಕ್ಕೂ ಕಳಿಸಿದೆ. ಅದರಲ್ಲೂ ಒಂದೂ ಕಳೆಯಲಿಲ್ಲ. ಅಲ್ಲಿಗೆ ಇಂಟರ್ನೆಟ್ ಕಂಪನಿ, ರೂಟರ್, ಲ್ಯಾಪ್‌ಟಾಪ್ ಮೂರೂ ಪಟ್ಟಿಯಿಂದ ಹೊರಗೆ ಬಂದವು.

ಅದೇ ಲ್ಯಾಪ್‌ಟಾಪ್ ಎತ್ತಿಕೊಂಡು ಕೊಟ್ಟಿಗೆಗೆ ಹೋದೆ. ಎರಡೂವರೆ ಗಂಟೆ, ಹೆಂಚು ಕಾದು ಕೆಂಡವಾಗಿತ್ತು. ಇನ್ನೂರು ಪಿಂಗ್‌ನಲ್ಲಿ 31 ಕಳೆದವು. ಗಮನಿಸಿ, ಇದು ರೂಟರ್‌ಗೆ ಕಳಿಸಿದ ಪಿಂಗ್, ಇಂಟರ್ನೆಟ್‌ಗೆ ಅಲ್ಲ. ಅಂದರೆ ಕಳ್ಳ ಈ ಎರಡು ಕಟ್ಟಡಗಳ ನಡುವೆ ಎಲ್ಲೋ ಇದ್ದಾನೆ.

ಮೋಟರ್ ಮೇಲಿನ ಆರೋಪ

"ನಾನು ಆವತ್ತಿಂದ ಹೇಳ್ತಾ ಇದೀನಿ, ಆ ಮೋಟರಿಂದೇ ಅದು" ಅಂದರು ಚಿಕ್ಕಮ್ಮ. ಅವರು ಹೇಳಿದ್ದರಲ್ಲಿ ತರ್ಕ ಇತ್ತು. ಆ ದಿನಗಳಲ್ಲಿ ಅವರ ಲೈನಿಗೆ ತ್ರೀಫೇಸ್ ಕರೆಂಟ್ ಬರುತ್ತಿದ್ದದ್ದು ಮಧ್ಯಾಹ್ನವೇ. ತೋಟಕ್ಕೆ ನೀರು ಬಿಡುವ ಮೋಟರ್ ಹೊರಡುವುದೂ ಆಗಲೇ, ಕಾಲ್ ಕಟ್ ಆಗುವುದೂ ಆಗಲೇ. ಸಾಲದ್ದಕ್ಕೆ ಬಾವಿಯ ಹತ್ತಿರ ಮೋಟರ್‌ನ ವೈರೂ ನೆಟ್‌ವರ್ಕ್ ವೈರೂ ಒಂದೇ ಕಂಬಕ್ಕೆ ಕಟ್ಟಿಸಿಕೊಂಡು ಅಕ್ಕಪಕ್ಕ ಓಡುತ್ತಿದ್ದವು. ಕರೆಂಟ್ ವೈರ್ ಪಕ್ಕದಲ್ಲಿ ನೆಟ್‌ವರ್ಕ್ ವೈರ್ ಎಳೆಯಬಾರದು, ದಾಟಲೇಬೇಕಾದರೆ ಅಡ್ಡಕ್ಕೆ ನೇರವಾಗಿ ದಾಟಿಸಬೇಕು ಅನ್ನುವುದು ನಿಜವಾದ ನಿಯಮವೇ.

ಆದರೆ ಅನುಮಾನ ಬಂದ ಮೇಲೆ ಪರೀಕ್ಷೆ ಮಾಡಬೇಕು. "ಚಿಕ್ಕಮ್ಮಾ, ಒಂದು ಹತ್ತು ನಿಮಿಷ ಮೋಟರ್ ಆಫ್ ಮಾಡಿಸ್ತೀರಾ?" ಅಂದೆ. ಮೋಟರ್ ನಿಂತಿತು. ಮತ್ತೆ ಇನ್ನೂರು ಪಿಂಗ್ ಕಳಿಸಿದರೆ 29 ಕಳೆದವು. ಹೆಚ್ಚೂಕಡಿಮೆ ಅಷ್ಟೇ. ಮೋಟರ್ ನಿರಪರಾಧಿ.

ಆಮೇಲೆ ತಂಗಿಯ ಡೈರಿ ತೆಗೆದು ನೋಡಿದೆವು. ಎರಡು ದಿನ ಮಾತ್ರ ಮಧ್ಯಾಹ್ನ ಒಂದೂ ಕಾಲ್ ಕಟ್ ಆಗಿರಲಿಲ್ಲ. "ಆ ಎರಡು ದಿನ ಮೋಟರ್ ಓಡಿರ್ಲಿಲ್ವಾ?" ಅಂತ ಕೇಳಿದೆ. ಅವಳು ಯೋಚಿಸಿ, "ಓಡಿತ್ತಲ್ಲ. ಆದ್ರೆ ಆ ಎರಡು ದಿನ ಮೋಡ ಆಗಿತ್ತು. ಅಡಿಕೆ ಒಳಗೆ ತೆಗ್ದಿಡಿ ಅಂತ ಅಮ್ಮ ಗಲಾಟೆ ಮಾಡಿದ್ರು" ಅಂದಳು.

ಬಿಸಿಲಿದ್ದರೆ ತೊಂದರೆ, ಮೋಡವಿದ್ದರೆ ಇಲ್ಲ, ರಾತ್ರಿಯೂ ಇಲ್ಲ. ಅಲ್ಲಿಗೆ ಹುಡುಕುವ ದಿಕ್ಕು ಸಿಕ್ಕಿತು. ವೈರ್ ಬಿಸಿಯಾದಷ್ಟೂ ಅದರೊಳಗೆ ಸಂಕೇತ ಹೆಚ್ಚು ಸೊರಗುತ್ತದೆ. ಒಳ್ಳೆಯ ವೈರ್, ಕಡಿಮೆ ದೂರ ಆದರೆ ಇದು ಲೆಕ್ಕಕ್ಕೇ ಬರುವುದಿಲ್ಲ. ಮೊದಲೇ ಅಂಚಿನಲ್ಲಿ ನಿಂತಿರುವ ವೈರ್ ಆದರೆ ಮಧ್ಯಾಹ್ನದ ಬಿಸಿಲು ಅದನ್ನು ಅಂಚಿನಿಂದ ಕೆಳಗೆ ದೂಡುತ್ತದೆ. ಹಾಗಾದರೆ ಈ ವೈರ್ ಅಂಚಿಗೆ ಬಂದದ್ದು ಯಾಕೆ?

ಎಂಟು ದೀಪ ಉರಿದರೆ ಸಾಲದು

ಸಂಜೆ ಎರಡೂ ತುದಿಯ ಪ್ಲಗ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದೆ. ಇದು ಎಲ್ಲಕ್ಕಿಂತ ಅಗ್ಗದ ರಿಪೇರಿ, ಹಾಗಾಗಿ ಮೊದಲು ಮಾಡಿಬಿಡುವುದು ಒಳ್ಳೆಯದು. ಬಣ್ಣದ ಕ್ರಮ ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಎರಡೂ ತುದಿಯಲ್ಲಿ ಇದೇ ಕ್ರಮ ಇರಬೇಕು. "ಎರಡೂ ಕಡೆ ಒಂದೇ ಥರ ಇದ್ರೆ ಆಯ್ತಲ್ಲ, ಯಾವ ಕ್ರಮ ಆದ್ರೇನು?" ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಒಳಗಿನ ಎಂಟು ತಂತಿಗಳು ಎರಡೆರಡಾಗಿ ಹೆಣೆದುಕೊಂಡಿರುವುದೇ ಹೊರಗಿನ ಗದ್ದಲವನ್ನು ರದ್ದು ಮಾಡಲು. ಒಂದು ಜೋಡಿಯ ತಂತಿಯನ್ನು ಇನ್ನೊಂದರ ತಂತಿಯ ಜೊತೆ ಸೇರಿಸಿದರೆ ಆ ಹೆಣಿಗೆಯ ಪ್ರಯೋಜನವೇ ಹೋಯಿತು.

ಅಂಗಡಿಯಲ್ಲಿ ಸಿಗುವ ಸಣ್ಣ ಟೆಸ್ಟರ್ ಹಾಕಿ ನೋಡಿದೆ. ಒಂದರಿಂದ ಎಂಟರವರೆಗೆ ದೀಪ ಸಾಲಾಗಿ ಉರಿದವು. ತಂಗಿ ಚಪ್ಪಾಳೆ ತಟ್ಟಿದಳು. ರಾತ್ರಿ ಒಂಬತ್ತಕ್ಕೆ ಪಿಂಗ್ ಕಳಿಸಿದರೆ ಒಂದೂ ಕಳೆಯಲಿಲ್ಲ. "ಸರಿ ಆಯ್ತಲ್ಲ ಅಣ್ಣಾ!"

"ನಾಳೆ ಮಧ್ಯಾಹ್ನ ಎರಡೂವರೆಗೆ ಹೇಳ್ತೀನಿ" ಅಂದೆ.

ಯಾಕೆಂದರೆ ರಾತ್ರಿ ಅದು ಮೊದಲೂ ಚೆನ್ನಾಗಿಯೇ ಓಡುತ್ತಿತ್ತು. ರಿಪೇರಿ ಫಲಿಸಿತೋ ಇಲ್ಲವೋ ಅಂತ ತಿಳಿಯಬೇಕಾದರೆ ತೊಂದರೆ ಬರುವ ಹೊತ್ತಿನಲ್ಲೇ ನೋಡಬೇಕು. ಇನ್ನೊಂದು, ಆ ಸಣ್ಣ ಟೆಸ್ಟರ್ ಹೇಳುವುದು ತಂತಿ ತುಂಡಾಗಿಲ್ಲ ಅಂತ ಮಾತ್ರ. ಎಷ್ಟು ಉದ್ದ, ಸಂಕೇತ ಎಷ್ಟು ಸೊರಗಿದೆ, ಜೋಡಿ ಸರಿ ಇದೆಯೋ ಇಲ್ಲವೋ, ಇದ್ಯಾವುದೂ ಅದಕ್ಕೆ ಗೊತ್ತಾಗುವುದಿಲ್ಲ. ನಾಡಿ ಬಡಿಯುತ್ತಿದೆ ಅಂದ ಮಾತ್ರಕ್ಕೆ ಮನುಷ್ಯ ಆರೋಗ್ಯವಾಗಿದ್ದಾನೆ ಅಂತ ಹೇಳಲು ಆಗುತ್ತದಾ?

ಭಾನುವಾರ ಎರಡೂವರೆಗೆ ಮತ್ತೆ ಇನ್ನೂರು ಪಿಂಗ್. 27 ಕಳೆದವು.

ವೈರೇ ಹೇಳಿದ ಲೆಕ್ಕ

ಕಂಪ್ಯೂಟರ್ ಬಿಟ್ಟು ವೈರಿನ ಹಿಂದೆ ಹೊರಟೆವು. ರೂಟರ್‌ನಿಂದ ಹೊರಟ ವೈರ್ ನೇರವಾಗಿ ಕೊಟ್ಟಿಗೆಗೆ ಹೋಗಿರಲಿಲ್ಲ. ಅಡಿಕೆ ಒಣಗಿಸುವ ಅಂಗಳವನ್ನು ತಪ್ಪಿಸಿ, ಸೂರಿನ ಕೆಳಗೆ ಒಂದು ಸುತ್ತು ಬಂದು, ಬಾವಿಯ ಕಂಬ ಹಿಡಿದು, ಹಲಸಿನ ಮರದ ಕೊಂಬೆಗೆ ಒಂದು ಗಂಟು ಹಾಕಿಸಿಕೊಂಡು, ಆಮೇಲೆ ಕೊಟ್ಟಿಗೆಯ ಹಿಂಬದಿಯ ಕಿಟಕಿಯಿಂದ ಒಳಗೆ ಬಂದಿತ್ತು.

ವೈರಿನ ಉದ್ದ ತಿಳಿಯಲು ಟೇಪ್ ಬೇಕಾಗಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲದ ವಿಷಯ. ನೆಟ್‌ವರ್ಕ್ ಕೇಬಲ್‌ನ ಹೊರಕವಚದ ಮೇಲೆ ಸಾಮಾನ್ಯವಾಗಿ ಪ್ರತಿ ಮೀಟರಿಗೂ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಪೆಟ್ಟಿಗೆಯಲ್ಲಿ 305 ಮೀಟರ್ ಇದ್ದರೆ ಆ ಸಂಖ್ಯೆ ಒಂದು ತುದಿಯಿಂದ ಇನ್ನೊಂದು ತುದಿಗೆ ಏರುತ್ತಾ ಹೋಗುತ್ತದೆ. ನಡುವೆ ಜಾಯಿಂಟ್ ಇಲ್ಲದಿದ್ದರೆ ಎರಡೂ ತುದಿಯ ಸಂಖ್ಯೆ ಓದಿ ಕಳೆದರೆ ಸಾಕು. ರೂಟರ್ ಕಡೆ 061 ಅಂತಿತ್ತು, ಕೊಟ್ಟಿಗೆ ಕಡೆ 187. ಅಂದರೆ 126 ಮೀಟರ್.

ನೂರು ಮೀಟರ್ ಅನ್ನುವುದು ಈ ವೈರಿಗೆ ಹಾಕಿದ ಗೆರೆ. ಗೋಡೆಯೊಳಗೆ ಕೂರುವ ವೈರ್ 90 ಮೀಟರ್, ಎರಡೂ ತುದಿಯ ಸಣ್ಣ ವೈರ್‌ಗಳಿಗೆ 10 ಮೀಟರ್, ಒಟ್ಟು 100. ಕ್ಯಾಟ್ 5ಇ ಆಗಲಿ ಕ್ಯಾಟ್ 6 ಆಗಲಿ, ಇದೇ ಲೆಕ್ಕ. ಗೆರೆ ದಾಟಿದ ತಕ್ಷಣ ವೈರ್ ಸತ್ತುಹೋಗುವುದಿಲ್ಲ. ಒಳ್ಳೆಯ ತಾಮ್ರದ ವೈರ್ ಆದರೆ ನೂರಿಪ್ಪತ್ತು ಮೀಟರ್‌ಗೂ ಓಡಬಹುದು. ಆದರೆ ಅದು ಅದೃಷ್ಟದ ಓಟ, ಗ್ಯಾರಂಟಿಯ ಓಟ ಅಲ್ಲ.

ಇಲ್ಲಿ ಅದೃಷ್ಟವೂ ಇರಲಿಲ್ಲ. ಕ್ರಿಂಪ್ ಮಾಡುವಾಗ ಕತ್ತರಿಸಿದ ತುಂಡು ಜೇಬಿನಲ್ಲಿತ್ತು. ಒಂದು ತಂತಿ ಬಿಡಿಸಿ ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಹೊರಗೆ ಮಾತ್ರ ದೊಡ್ಡದಾಗಿ ಕ್ಯಾಟ್ 6 ಅಂತ ಅಚ್ಚಾಗಿತ್ತು. ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಪದರ ಹೊದಿಸಿ ಮಾರುವ ಈ ವೈರಿಗೆ ಸಿಸಿಎ ಅನ್ನುತ್ತಾರೆ. ಅಲ್ಯೂಮಿನಿಯಂನ ವಿದ್ಯುತ್ ರೋಧ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ, ತೇವ ಸೇರಿದರೆ ಕೊರೆಯುತ್ತದೆ. ನೆಟ್‌ವರ್ಕ್ ವೈರಿನ ಮಾನದಂಡದಲ್ಲಿ ಇದಕ್ಕೆ ಜಾಗವೇ ಇಲ್ಲ. ಪೂರ್ತಿ ತಾಮ್ರದ ಪೆಟ್ಟಿಗೆಯನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ಎತ್ತಿ ನೋಡಿದರೆ ತೂಕದಲ್ಲೇ ಗೊತ್ತಾಗುತ್ತದೆ.

ಹೀಗೆ ಮೂರು ಕಾರಣ ಒಟ್ಟಿಗೆ ಸೇರಿದ್ದವು. 26 ಮೀಟರ್ ಹೆಚ್ಚಿಗೆ ಉದ್ದ, ತಾಮ್ರವಲ್ಲದ ತಂತಿ, ಮತ್ತು ನೆತ್ತಿ ಸುಡುವ ಬಿಸಿಲು. ಯಾವುದಾದರೂ ಒಂದೇ ಇದ್ದಿದ್ದರೆ ಬಹುಶಃ ನಡೆದುಹೋಗುತ್ತಿತ್ತು.

ಚಿಕ್ಕಪ್ಪನಿಗೆ ಹೇಳುವುದು

ತಾಂತ್ರಿಕ ಕೆಲಸ ಅಲ್ಲಿಗೆ ಮುಗಿದಿತ್ತು, ಕಷ್ಟದ ಕೆಲಸ ಬಾಕಿ ಇತ್ತು. ಆ ವೈರ್ ತಂದು ಎಳೆಸಿದ್ದು ಚಿಕ್ಕಪ್ಪ. ಕಾಯಿಲೆ ಬೀಳುವ ಎರಡು ತಿಂಗಳು ಮೊದಲು, ಮಗಳು ಊರಿಗೆ ಬಂದು ಹೋಗಿ ಮಾಡಲಿ ಅಂತ ಕೊಟ್ಟಿಗೆಗೆ ಸಿಮೆಂಟ್ ಹಾಕಿಸಿ, ತಾವೇ ಪೇಟೆಗೆ ಹೋಗಿ ವೈರ್ ತಂದಿದ್ದರು. ತಮ್ಮ ಕೈಯಾರೆ ಮಾಡಿಸಿದ ಕೊನೆಯ ಕೆಲಸ ಅದು ಅಂತ ಅವರಿಗೂ ಅನಿಸಿರಬಹುದು. "ಅದು ಸರಿ ಇಲ್ಲ ಅಂತ ನಾನಂತೂ ಹೇಳಲ್ಲ ಅಣ್ಣಾ" ಅಂದಳು ತಂಗಿ.

ಕಾಫಿ ಹೊತ್ತಿಗೆ ಚಿಕ್ಕಪ್ಪನೇ ಕೇಳಿದರು. ಮಾತು ಸ್ವಲ್ಪ ನಿಧಾನ, ಆದರೆ ಸ್ಪಷ್ಟ. "ಎಂತಾಯ್ತಾ ಮಾರಾಯ? ಎರಡು ದಿನದಿಂದ ವೈರ್ ಹಿಡ್ಕೊಂಡು ತಿರುಗ್ತಾ ಇದೀಯಲ್ಲ."

"ಚಿಕ್ಕಪ್ಪಾ, ವೈರ್ ಎಷ್ಟು ಉದ್ದ ಬೇಕು ಅಂತ ಹೇಗೆ ಅಳತೆ ಮಾಡಿದ್ರಿ?" ಅಂತ ಕೇಳಿದೆ.

"ಹಗ್ಗ ಹಿಡಿದು ಅಳೆದೆ. ಐವತ್ತು ಮಾರು."

ಒಂದು ಮಾರು ಅಂದರೆ ಎರಡೂ ಕೈ ಚಾಚಿದಷ್ಟು, ಸುಮಾರು ಆರು ಅಡಿ. ಐವತ್ತು ಮಾರಿಗೆ ಮುನ್ನೂರು ಅಡಿ, ಅಂದರೆ 91 ಮೀಟರ್. ನೇರ ದಾರಿಯಲ್ಲಿ ಅವರ ಲೆಕ್ಕ ಸರಿಯಾಗಿಯೇ ಇತ್ತು, ಗೆರೆಯ ಒಳಗೇ ಇತ್ತು. ಎಳೆಯಲು ಬಂದವನು ಅಂಗಳ ತಪ್ಪಿಸಿ ಸುತ್ತು ಹಾಕಿದ್ದ. ಅದನ್ನೇ ಹೇಳಿದೆ. ತಂತಿ ಕೆರೆದ ತುಂಡನ್ನೂ ಅವರ ಎಡಗೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮೇಲೆ ಮಾತ್ರ ತಾಮ್ರ" ಅಂದರು.

"ಹೌದು."

"ಇವಳ ಕೆಲಸಕ್ಕೆ ತೊಂದ್ರೆ ಆಗಿದ್ಯಾ?"

ತಂಗಿ ನನ್ನ ಮುಖ ನೋಡಿದಳು. ಆಮೇಲೆ ತಾನೇ ಹೇಳಿದಳು, ಮ್ಯಾನೇಜರ್ ಮಾತು, ಏಪ್ರಿಲ್, ಐದು ದಿನ ಎಲ್ಲ. ಚಿಕ್ಕಮ್ಮ ಲೋಟ ಹಿಡಿದುಕೊಂಡು ಅಲ್ಲೇ ನಿಂತರು.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದ್ಲೇ ಹೇಳ್ಬೇಕಿತ್ತು" ಅಂದರು. ಅದು ವೈರಿನ ವಿಷಯವೋ ಕೆಲಸದ ವಿಷಯವೋ ನನಗೆ ತಿಳಿಯಲಿಲ್ಲ. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, "ಆ ವೈರ್ ತೆಗೆಸಿ, ಬಟ್ಟೆ ಒಣಗಿಸೋಕೆ ಕಟ್ಟು. ನೂರಿಪ್ಪತ್ತಾರು ಮೀಟರ್ ಇದೆ, ಊರವರ ಬಟ್ಟೆಯೂ ಹಿಡಿಸ್ತದೆ" ಅಂದರು. ಮೊದಲು ನಕ್ಕವರು ಚಿಕ್ಕಮ್ಮ.

ಸೋಮವಾರದ ಕಾಲ್ ಉಳಿಸಿದ್ದು

ಹೊಸ ವ್ಯವಸ್ಥೆಗೆ ಒಂದು ವಾರ ಬೇಕಿತ್ತು. ಆದರೆ ಸೋಮವಾರ ಎರಡು ಗಂಟೆಗೇ ಕ್ಲೈಂಟ್ ಕಾಲ್. ಅದಕ್ಕೊಂದು ತಾತ್ಕಾಲಿಕ ಉಪಾಯ ಮಾಡಿದೆವು.

ದೂರದ ಊರಲ್ಲಿ ಮೆರವಣಿಗೆ ಹೊರಟರೆ ನಮಗೆ ಮೊದಲು ಕೇಳುವುದು ಡೊಳ್ಳಿನ ದನಿ. ಹಾಡುವವರ ಮಾತು ಅಷ್ಟು ದೂರ ಬರುವ ಹೊತ್ತಿಗೆ ಕಲಸಿಹೋಗಿರುತ್ತದೆ. ವೈರಿನಲ್ಲೂ ಹಾಗೇ, ಕಡಿಮೆ ಆವರ್ತನದ ಸಂಕೇತ ಹೆಚ್ಚು ದೂರ ತಾಳುತ್ತದೆ. 100 ಎಂಬಿಪಿಎಸ್ ವೇಗಕ್ಕೆ ಬೇಕಾದ ಆವರ್ತನ ಹೆಚ್ಚು, 10 ಎಂಬಿಪಿಎಸ್‌ಗೆ ಬಹಳ ಕಡಿಮೆ. ಒಂದು ವಿಡಿಯೊ ಕಾಲ್‌ಗೆ ಮೂರು ನಾಲ್ಕು ಎಂಬಿಪಿಎಸ್ ಸಾಕು. ಹಾಗಾಗಿ ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಅಡಾಪ್ಟರ್ ಸೆಟ್ಟಿಂಗ್‌ನಲ್ಲಿ ‘ಸ್ಪೀಡ್ ಅಂಡ್ ಡ್ಯೂಪ್ಲೆಕ್ಸ್’ ಅನ್ನುವ ಕಡೆ 10 ಎಂಬಿಪಿಎಸ್, ಹಾಫ್ ಡ್ಯೂಪ್ಲೆಕ್ಸ್ ಅಂತ ಆರಿಸಿದೆ.

ಇಲ್ಲಿ ಹಾಫ್ ಅನ್ನೇ ಆರಿಸಬೇಕು. ನಾವು ಒಂದು ಕಡೆ ವೇಗವನ್ನು ಕೈಯಿಂದ ಕಟ್ಟಿಹಾಕಿದರೆ, ಆಟೊದಲ್ಲೇ ಇರುವ ಇನ್ನೊಂದು ಕಡೆ ವೇಗವನ್ನು ಗುರುತಿಸಿದರೂ ಡ್ಯೂಪ್ಲೆಕ್ಸ್ ತಿಳಿಯದೆ ಹಾಫ್‌ಗೆ ಇಳಿಯುತ್ತದೆ. ನಾವು ಫುಲ್ ಅಂದು, ಅದು ಹಾಫ್ ಅಂದರೆ ಇಬ್ಬರೂ ಒಟ್ಟಿಗೆ ಮಾತಾಡಿ ಡಿಕ್ಕಿ. ಮೊದಲಿಗಿಂತ ಕೆಟ್ಟದಾಗುತ್ತದೆ.

ಸೋಮವಾರ ಮಧ್ಯಾಹ್ನದ ಕಾಲ್ ಒಂದು ಗಂಟೆ ನಡೆಯಿತು, ಕಟ್ ಆಗಲಿಲ್ಲ. ದೊಡ್ಡ ಫೈಲ್ ಡೌನ್‌ಲೋಡ್ ಮಾಡಲು ಜಗಲಿಗೆ ಓಡಬೇಕಾಯಿತು, ಅಷ್ಟೇ.

ಯಾಕೆ ಫೈಬರ್?

"ಒಳ್ಳೆ ತಾಮ್ರದ ವೈರನ್ನೇ ನೇರವಾಗಿ ಎಳೆದ್ರೆ 91 ಮೀಟರ್‌ಗೆ ಮುಗೀತದಲ್ಲ?" ಅಂತ ಚಿಕ್ಕಪ್ಪ ಕೇಳಿದರು. ಒಳ್ಳೆಯ ಪ್ರಶ್ನೆ. ಉದ್ದದ ಮಟ್ಟಿಗೆ ಸರಿ. ಆದರೆ ಮಲೆನಾಡಿನಲ್ಲಿ ಏಪ್ರಿಲ್, ಮೇ ಬಂದರೆ ಗುಡುಗು, ಸಿಡಿಲು. ಎರಡು ಕಟ್ಟಡಗಳ ನಡುವೆ ಲೋಹದ ತಂತಿ ಎಳೆದರೆ ಅದು ಸಿಡಿಲಿಗೆ ಹಾಕಿಕೊಟ್ಟ ಸಂಕ. ಸಿಡಿಲು ನೇರವಾಗಿ ಬಡಿಯಬೇಕಾಗಿಲ್ಲ, ಹತ್ತಿರ ಎಲ್ಲೋ ಬಿದ್ದರೂ ಮನೆಯ ನೆಲಕ್ಕೂ ಕೊಟ್ಟಿಗೆಯ ನೆಲಕ್ಕೂ ವೋಲ್ಟೇಜ್ ವ್ಯತ್ಯಾಸ ಬಂದು, ವೈರಿನ ಮೂಲಕ ಹರಿದು ರೂಟರ್, ಲ್ಯಾಪ್‌ಟಾಪ್ ಎರಡನ್ನೂ ಸುಡಬಹುದು. ವೈರ್ ಚುಚ್ಚಿಕೊಂಡು ಕೂತವರಿಗೂ ಅದು ಅಪಾಯವೇ.

ಆಪ್ಟಿಕಲ್ ಫೈಬರ್‌ನಲ್ಲಿ ಹೋಗುವುದು ಬೆಳಕು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಮೋಟರ್ ಗದ್ದಲವೂ ತಟ್ಟುವುದಿಲ್ಲ, ನೂರು ಮೀಟರ್‌ನ ಗೆರೆಯೂ ಇಲ್ಲ. ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಅನ್ನುವ ಬೆಂಕಿಪೊಟ್ಟಣದ ಅಣ್ಣನಂಥ ಪೆಟ್ಟಿಗೆ. ಅದು ಬೆಳಕನ್ನು ಮಾಮೂಲಿ ನೆಟ್‌ವರ್ಕ್ ಪ್ಲಗ್‌ಗೆ ಬದಲಿಸಿ ಕೊಡುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು ನಾಲ್ಕು.

ಒಂದು, ಒಂದೇ ಎಳೆಯ ಫೈಬರ್ ಆದರೆ ಕನ್ವರ್ಟರ್‌ಗಳು ಜೋಡಿಯಾಗಿ ಬೇಕು. ಒಂದು 1310 ನ್ಯಾನೋಮೀಟರ್‌ನಲ್ಲಿ ಕಳಿಸಿ 1550ರಲ್ಲಿ ಪಡೆದರೆ, ಇನ್ನೊಂದು ಅದರ ಉಲ್ಟಾ ಇರಬೇಕು. ಎ ಮತ್ತು ಬಿ ಅಂತ ಗುರುತು ಇರುತ್ತದೆ. ಎರಡೂ ಎ ತಂದರೆ ಕೆಲಸ ಮಾಡುವುದಿಲ್ಲ.

ಎರಡು, ಕನೆಕ್ಟರ್‌ನ ಬಣ್ಣ. ಇಂಥ ಕನ್ವರ್ಟರ್‌ಗಳಿಗೆ ಸಾಮಾನ್ಯವಾಗಿ ನೀಲಿ ಬೇಕು. ಮನೆ ಇಂಟರ್ನೆಟ್ ಕೊಡುವವರ ಹತ್ತಿರ ಹೆಚ್ಚಾಗಿ ಇರುವುದು ಹಸಿರು. ಹಸಿರಿನ ತುದಿ ಓರೆಯಾಗಿ ಕತ್ತರಿಸಿರುತ್ತದೆ. ನೀಲಿಗೆ ಹಸಿರು ಚುಚ್ಚಿದರೆ ಒಳಗೆ ಹೋಗುತ್ತದೆ, ಆದರೆ ಬೆಳಕು ಸೋರುತ್ತದೆ.

ಮೂರು, ಕಂಬದಿಂದ ಮನೆಗೆ ಎಳೆಯುವ ಫೈಬರ್‌ನಲ್ಲಿ ಆಧಾರಕ್ಕೆ ಉಕ್ಕಿನ ತಂತಿ ಇರುವುದುಂಟು. ಸಿಡಿಲಿನ ಭಯಕ್ಕೆ ಫೈಬರ್ ಹಾಕಿ, ಜೊತೆಗೆ ಉಕ್ಕು ಎಳೆದರೆ ಏನು ಬಂತು? ಲೋಹ ಇಲ್ಲದ ಕೇಬಲ್ ಕೇಳಿ ತನ್ನಿ.

ನಾಲ್ಕು, ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ಯಾವತ್ತೂ ನೋಡಬೇಡಿ. ಅದರ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಹಾನಿ ಮಾತ್ರ ಆಗಬಹುದು.

ಮುಂದಿನ ಶನಿವಾರ ಇಬ್ಬರು ಆಳು ಬಂದು ಅಂಗಳದ ಅಂಚಿನಲ್ಲಿ ಒಂದೂವರೆ ಅಡಿ ಕಾಲುವೆ ತೆಗೆದರು. ತೋಟಕ್ಕೆ ನೀರು ಬಿಡುವ ಅದೇ ಕಪ್ಪು ಪೈಪ್ ಹೂತು, ಅದರೊಳಗೆ ಫೈಬರ್ ತೂರಿಸಿದೆವು. ಜೊತೆಗೆ ಒಂದು ನೈಲಾನ್ ಹಗ್ಗವನ್ನೂ ಬಿಟ್ಟೆವು, ಮುಂದೆ ಇನ್ನೊಂದು ಎಳೆ ಬೇಕಾದರೆ ಅಗೆಯಬಾರದಲ್ಲ. ಊರಿಗೆ ಇಂಟರ್ನೆಟ್ ಕೊಡುವ ಹುಡುಗ ಮಷಿನ್ ತಂದು ಎರಡೂ ತುದಿ ಬೆಸೆದು ಕೊಟ್ಟ. "ನೀಲಿದೇ ಹಾಕ್ಬೇಕಾ ಸರ್?" ಅಂತ ಅವನಾಗಿಯೇ ಕೇಳಿದ. ಗೊತ್ತಿರುವ ಹುಡುಗ ಅಂತ ಸಮಾಧಾನವಾಯಿತು. ಕನ್ವರ್ಟರ್‌ಗೂ ರೂಟರ್‌ಗೂ ಸಣ್ಣ ಯುಪಿಎಸ್ ಹಾಕಿದೆವು.

ಚಿಕ್ಕಪ್ಪನ ಕುರ್ಚಿಯನ್ನು ಅಂಗಳದ ನೆರಳಿಗೆ ತಂದಿಟ್ಟಿದ್ದೆವು. ಕಾಲುವೆ ಎಲ್ಲಿ ಸೊಟ್ಟ ಹೋಯಿತು ಅಂತ ಎಡಗೈಯಲ್ಲಿ ತೋರಿಸುತ್ತಾ, ಇಡೀ ದಿನ ಮೇಸ್ತ್ರಿ ಕೆಲಸ ಅವರದೇ.

ಭಾನುವಾರ ಎರಡೂವರೆ ಗಂಟೆ. ಅದೇ ಬಿಸಿಲು, ಮೋಟರ್ ಓಡುತ್ತಿತ್ತು. ಸಾವಿರ ಪಿಂಗ್ ಕಳಿಸಿದೆ. ಸಾವಿರಕ್ಕೂ ಉತ್ತರ ಬಂತು. ಏಪ್ರಿಲ್ ಕಳೆದು ಮೇ ಬಂತು, ತಂಗಿ ಇನ್ನೂ ಊರಲ್ಲೇ ಇದ್ದಾಳೆ.

ನಿಮ್ಮ ಮನೆಗೆ

ಎಲ್ಲರಿಗೂ ಫೈಬರ್ ಬೇಕಾಗಿಲ್ಲ. ಒಂದೇ ಕಟ್ಟಡದೊಳಗೆ, 90 ಮೀಟರ್ ಒಳಗೆ ಪೂರ್ತಿ ತಾಮ್ರದ ವೈರ್ ಸಾಕು. ದಾರಿಯ ಮಧ್ಯೆ ಕರೆಂಟ್ ಮತ್ತು ಸೂರು ಇರುವ ಜಾಗ ಇದ್ದರೆ ಅಲ್ಲೊಂದು ಸ್ವಿಚ್ ಇಟ್ಟರೆ ನೂರು ಮೀಟರ್‌ನ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ನಡುವೆ ಮರವಿಲ್ಲದೆ ಎರಡೂ ಕಟ್ಟಡ ನೇರ ಕಾಣುವುದಾದರೆ ವೈರ್‌ಲೆಸ್ ಬ್ರಿಡ್ಜ್ ಕೂಡ ಆಗುತ್ತದೆ, ಆದರೆ ಮಳೆಗಾಲದ ಒದ್ದೆ ಅಡಿಕೆ ಸೋಗೆ ಅದಕ್ಕೆ ಆಗಿಬರುವುದಿಲ್ಲ. ಬಿಸಿಲಿಗೆ ಬೀಳುವ ವೈರ್ ಹೊರಾಂಗಣದ್ದೇ ಆಗಿರಲಿ. ಒಳಗಿನ ಬೂದು ವೈರಿನ ಕವಚ ಬಿಸಿಲಿಗೆ ಒಡೆದು ಮಳೆನೀರು ಕುಡಿಯುತ್ತದೆ.

ಇನ್ನೊಂದು ಸುಳಿವು. ಗಿಗಾಬಿಟ್ ಬರಬೇಕಾದ ಕಡೆ ಸರಿಯಾಗಿ 100 ಎಂಬಿಪಿಎಸ್‌ಗೆ ನಿಂತುಬಿಟ್ಟಿದ್ದರೆ, ವೈರಿನಲ್ಲಿ ಒಂದು ಜೋಡಿ ಹೋಗಿದೆಯಾ ನೋಡಿ. ನೂರಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಎಷ್ಟೋ ಸಲ ಒಂದು ಪ್ಲಗ್ ಬದಲಿಸಿದರೆ ಅದು ಸರಿಹೋಗುತ್ತದೆ.

ಹೊಸ ವೈರ್ ಎಳೆಸುವವರಿಗೆ ಒಂದೇ ಕೋರಿಕೆ. ಕೆಲಸದವರು ಹೊರಡುವ ಮೊದಲು ಎರಡೂ ತುದಿಯ ಮೀಟರ್ ಸಂಖ್ಯೆ ಓದಿ, ರೂಟರ್ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದಿಡಿ. ಒಂದು ತುಂಡು ಕೇಳಿ ಪಡೆದು, ದುಡ್ಡು ಕೊಡುವ ಮೊದಲೇ ಬ್ಲೇಡಿನಿಂದ ಕೆರೆದು ನೋಡಿ. ಎರಡು ನಿಮಿಷದ ಕೆಲಸ.